ಅಪ್ಪ ಮುದ್ದೆ ತಿರುವಲು ಕಲಿತದ್ದು

ಕೊಬ್ಬರಿ ಅಟ್ಟದಿಂದ ಇಳಿಯುವಾಗ ಏಣಿ ಜಾರಿ ಅಮ್ಮನ ಬಲಗೈ ಮುರಿದಾಗ ನಾನು ಮೂರನೇ ಕ್ಲಾಸಿನಲ್ಲಿದ್ದೆ. ತೊಂಬತ್ತರ ದಶಕದ ಕೊನೆ ಅದು. ಅಪ್ಪ ತಿಪಟೂರಿಗೆ ಕರೆದುಕೊಂಡು ಹೋಗಿ ಕೈಗೆ ಪಟ್ಟಿ ಹಾಕಿಸಿಕೊಂಡು ಬಂದರು. ಮೊದಮೊದಲು ಪಕ್ಕದ ಮನೆಯ ದೊಡ್ಡಮ್ಮನೇ ಮೂರು ಹೊತ್ತೂ ಅಡುಗೆ ಮಾಡಿ ಕೊಡುತ್ತಿದ್ದರು. ಆಮೇಲೊಂದು ಸಂಜೆ ಅಪ್ಪ ತೋಟದಿಂದ ಬಂದವರೇ ಕೈಕಾಲು ತೊಳೆದು ಒಲೆಯ ಮುಂದೆ ಕೂತುಬಿಟ್ಟರು.

"ಹೆಂಗ್ ಮಾಡ್ಬೇಕು ಹೇಳೇ, ನಾನೇ ಮುದ್ದೆ ಮಾಡ್ತೀನಿ."

ಅಮ್ಮನಿಗೆ ನಗುವೂ ಬಂತು, ಗಾಬರಿಯೂ ಆಯಿತು. ಕುಡಿಯುವ ನೀರನ್ನೂ ತಾವಾಗಿ ಮೊಗೆದುಕೊಂಡವರಲ್ಲ ಅಪ್ಪ.

"ನಿಮಗ್ಯಾಕ್ರೀ ಇದೆಲ್ಲ? ಯಾರಾದ್ರೂ ನೋಡಿದ್ರೆ ಏನಂದ್ಕೊಂಡಾರು!"

"ನೋಡ್ಲಿ ಬುಡು."

ಮೊದಲ ಮುದ್ದೆ ಮುರಿದರೆ ಒಳಗೆಲ್ಲ ಒಣಹಿಟ್ಟಿನ ಗಂಟು. ಮಾರನೆಯ ದಿನದ್ದು ತಟ್ಟೆ ತುಂಬ ಹರಡಿಕೊಂಡಿತು. ನಾನು ಮುಖ ಕಿವುಚಿದೆ. ಅಮ್ಮ ನನ್ನ ತೊಡೆ ಚಿವುಟಿ, ತಾನು ಎಡಗೈಯಲ್ಲೇ ಬಳಿದು ತಿಂದು, "ಚೆನ್ನಾಗೈತೆ ಕಣ್ರೀ" ಅಂದಳು.

"ಸುಳ್ಳು ಹೇಳ್ಬೇಡ. ಎಲ್ಲಿ ಕೆಟ್ಟಿತು ಅನ್ನೋದು ಹೇಳು."

ಅಂದಿನಿಂದ ಅಮ್ಮ ನಿಜವಾಗಿ ಕಲಿಸತೊಡಗಿದಳು. ನೀರು ಮರಳುವಾಗ ಹಿಟ್ಟು ಹಾಕಬೇಕು, ಹಾಕಿದ ತಕ್ಷಣ ಕೋಲಾಡಿಸದೆ ಬೇಯಲು ಬಿಡಬೇಕು. ಅಪ್ಪನಿಗೆ ರಟ್ಟೆಯಲ್ಲಿ ಬಲವಿತ್ತು, ತಾಳ್ಮೆಯಿರಲಿಲ್ಲ. "ಕಾಯಿ ಸುಲಿಯೋ ಹಂಗೆ ಕುಕ್ಕಬೇಡಿ, ಪಾತ್ರೆ ಅಂಚಿಗೆ ಒತ್ತಿ ತಿರುವಿ" ಎನ್ನುತ್ತ ಅವಳು ಹಿಂದೆ ಕೂತು, ಕೋಲು ಹಿಡಿದ ಅಪ್ಪನ ಮುಷ್ಟಿಯ ಮೇಲೆ ತನ್ನ ಎಡಗೈ ಇಟ್ಟಳು. ಅವರಿಬ್ಬರು ಅಷ್ಟು ಹತ್ತಿರ ಕೂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ದಿನಾ ಸಂಜೆ ಅದೇ ಪಾಠ. ಉಂಡೆ ಕಟ್ಟುವಾಗ ಅಂಗೈ ಸುಟ್ಟು ಬೊಬ್ಬೆ ಬಂದರೂ ಅಪ್ಪ ಬಿಡಲಿಲ್ಲ. ಗಂಟುಗಳು ಸಣ್ಣವಾದವು, ಅಪರೂಪವಾದವು. ಕಡೆಗೊಂದು ದಿನ ತಟ್ಟೆಯಲ್ಲಿ ನುಣ್ಣಗೆ, ಹೊಳೆಯುವ ಮುದ್ದೆ ಕೂತಿತು. ಅಮ್ಮ ಅದನ್ನು ಪೂರ್ತಿ ಮುಗಿಸಿದಳು. ಎರಡನೇ ಮುದ್ದೆಗೆ ತಟ್ಟೆ ಮುಂದೆ ಚಾಚಿದಳು. ಅಪ್ಪನ ಮುಖ ನೋಡಬೇಕಿತ್ತು.

ಪಟ್ಟಿ ಬಿಚ್ಚಿದ ಮೇಲೂ ಅಮ್ಮನ ಮಣಿಕಟ್ಟಿಗೆ ಮೊದಲಿನ ಬಲ ಬರಲಿಲ್ಲ. ಸಾರು ಅವಳದು, ಮುದ್ದೆ ಅಪ್ಪನದು ಎಂದಾಯಿತು. ಅಪ್ಪ ಒಳಗೆ ಕೋಲಾಡಿಸುವ ಹೊತ್ತಿಗೆ ಅವಳು ಜಗುಲಿಯಲ್ಲಿ ಕಾಲು ಚಾಚಿ ಕೂತು, ತೋಟದಿಂದ ಮನೆಗೆ ಮರಳುವವರನ್ನು ಮಾತಾಡಿಸುತ್ತಿದ್ದಳು. ಮದುವೆಯಾಗಿ ಬಂದ ಮೇಲೆ ಹೊತ್ತು ಮುಳುಗುವುದನ್ನು ಹೊರಗೆ ಕೂತು ನೋಡಿದ್ದು ಆಗಲೇ ಅಂತೆ.