ವಿಮಲಳ ಹಸೆಹಾಡು ಮತ್ತು ಒಂದು ಹಟಮಾರಿ ಲೈಬ್ರರಿ

ಯಂತ್ರದ ಮೇಲೆ ಕೋಪ ಮಾಡಿಕೊಳ್ಳುವುದು ಅನ್‌ಲೇಡಿಲೈಕ್ ಎಂದು ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಹೇಳಿಕೊಟ್ಟಿರಲಿಲ್ಲ. ಆಗ ಯಂತ್ರಗಳಿಗೆ ಇಷ್ಟು ಸೊಕ್ಕಿರಲಿಲ್ಲ. ಹಾಗಾಗಿ ಧಾರಾಳವಾಗಿಯೇ ಕೋಪಿಸಿಕೊಳ್ಳುತ್ತೇನೆ.

ಹೊಳೆನರಸೀಪುರದ ನಮ್ಮ ಮನೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟವನು ಹಾಸನದ ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಸೋದರಳಿಯ ಸುಧೀಂದ್ರ. ಇಂಥ ಹರಟೆಗಳನ್ನು ನಾನು ಅದರಲ್ಲೇ ಟೈಪ್ ಮಾಡುತ್ತಿದ್ದೆ. ಹರಟೆಗಿಂತ ಬೆಲೆಬಾಳುವುದೊಂದು ಅದರಲ್ಲಿತ್ತು: ಅರಕಲಗೂಡಿನ ನನ್ನ ತಂಗಿ ವಿಮಲಾ ಹಿಂದೊಮ್ಮೆ ಹಾಡಿದ್ದ ಹಸೆಹಾಡು. ಗಂಟಲಿನ ಆಪರೇಷನ್ ಆದಮೇಲೆ ಅವಳಿಗೆ ಉಳಿದಿರುವುದು ಪಿಸುದನಿ ಮಾತ್ರ. ಮದುವೆಯ ದಿನ ಮಗಳನ್ನು ಹಸೆಮಣೆಗೆ ತನ್ನ ದನಿಯೇ ಕರೆಯಬೇಕೆಂದು ಅವಳ ಆಸೆ. ಆಗ ರೆಕಾರ್ಡ್ ಮಾಡಿದ್ದ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಹಾಳಾಗಿತ್ತು. ಹಾಡು ಉಳಿದಿದ್ದು ಈ ಡಬ್ಬದೊಳಗೇ.

ಮದುವೆಗೆ ವಾರವಿದೆ ಎನ್ನುವಾಗ, ಅಪ್‌ಗ್ರೇಡ್ ಮಾಡಲೇ ಎಂದು ಕಂಪ್ಯೂಟರ್ ಕೇಳಿತು. ಯಾರಾದರೂ ಇಂಗ್ಲಿಷಿನಲ್ಲಿ ಸಭ್ಯವಾಗಿ ಕೇಳಿದರೆ "ಯೆಸ್, ಸಿಸ್ಟರ್" ಎನ್ನುವುದು ನನಗೆ ರಕ್ತಗತ. ವೈ ಒತ್ತಿದೆ. ಅಷ್ಟೇ, ಆ ಹಳೇ ಹಾಡನ್ನು ಕೇಳಿಸಬಲ್ಲ ಒಂದೇ ಒಂದು ಪ್ರೋಗ್ರಾಮ್ ಮಾಯ! ಮತ್ತೆ ಹಾಕಹೋದರೆ ಅದಕ್ಕೆ ಯಾವುದೋ ಲೈಬ್ರರಿಯ (ಪುಸ್ತಕದ್ದಲ್ಲ, ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಫೈಲಿನ) ಹಳೆಯ ವರ್ಷನ್ನೇ ಬೇಕಂತೆ. ಸರಿ, ಹಳೆಯದನ್ನೇ ತರೋಣವೆಂದರೆ ಕನ್ನಡ ಟೈಪಿಂಗಿನ ಪ್ರೋಗ್ರಾಮಿಗೆ ಹೊಸದೇ ಬೇಕಂತೆ. ಎರಡೂ ಒಟ್ಟಿಗಿರವಂತೆ. ಏನು ಅಹಂಕಾರ!

ಈ ವರಸೆ ನನಗೆ ಹೊಸದೇನಲ್ಲ. ಚನ್ನರಾಯಪಟ್ಟಣದ ದೊಡ್ಡತ್ತೆಯನ್ನು ಮನೆಗೇ ಹೋಗಿ ಕುಂಕುಮವಿಟ್ಟು ಕರೆಯದಿದ್ದರೆ ಹಿರೀಸಾವೆಯ ಓರಗಿತ್ತಿ ಬರುವುದಿಲ್ಲ. ದೊಡ್ಡತ್ತೆ ಬಂದರೋ, ಚಿಕ್ಕತ್ತೆ ಊಟಕ್ಕೆ ಏಳುವುದಿಲ್ಲ. ಆದರೆ ಅವರಿಗೊಂದು ಕಾರಣವಾದರೂ ಇದೆ, ಯಾವುದೋ ನಾಮಕರಣದಲ್ಲಿ ಹೋಳಿಗೆಗೆ ತುಪ್ಪ ಬಡಿಸದೆ ಮುಂದೆ ಹೋದ ಅವಮಾನ. ಮೇಲಾಗಿ ಚಿಕ್ಕತ್ತೆ ಗದ್ದ ಹಿಡಿದು ಬೇಡಿಕೊಂಡರೆ ಕರಗುತ್ತಾರೆ. ಈ ಲೈಬ್ರರಿಗೆ ಗದ್ದ ಎಲ್ಲಿದೆ?

ಸುಧೀಂದ್ರನಿಗೆ ಫೋನ್ ಮಾಡಿದೆ.

"ಅದು ಡಿಪೆಂಡೆನ್ಸಿ ಕಾನ್‌ಫ್ಲಿಕ್ಟ್ ಕಣತ್ತೆ. ಕಂಪ್ಯೂಟರ್ ತಪ್ಪಲ್ಲ."

"ಮತ್ತೆ ಯಾರದೋ? ನನ್ನದಾ?"

"ವೈ ಒತ್ತಿದ್ಯಾರು?"

"ಕೇಳಿದ್ಯಾರು?"

ಅವನು ನಕ್ಕ. "ಎರಡರಲ್ಲೊಂದನ್ನ ತೆಗೀಬೇಕತ್ತೆ. ಹಾಡೋ, ನಿಮ್ಮ ಬರವಣಿಗೆಯೋ?"

ಇದೂ ಒಂದು ಪ್ರಶ್ನೆಯೇ? "ಬರೆಯೋದನ್ನ ಕಿತ್ತು ಬಿಸಾಕೋ," ಎಂದೆ. ಭಾನುವಾರ ಬಂದು ಹಾಗೆಯೇ ಮಾಡಿದ. ಆದ್ದರಿಂದ ಇದನ್ನು ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಸಂಪಾದಕರು ಆ ಲೈಬ್ರರಿಯನ್ನೇ ವಿಚಾರಿಸಿಕೊಳ್ಳಲಿ.

ಕಂಪ್ಯೂಟರನ್ನು ಛತ್ರಕ್ಕೇ ಹೊರಿಸಿದೆವು. ಸ್ಪೀಕರಿನಿಂದ ವಿಮಲಳ ದನಿ ಎದ್ದಿತು. ಮಗಳು ಹಸೆಗೆ ನಡೆದು ಬರುವಷ್ಟು ಹೊತ್ತೂ ತಾಯಿ ಸದ್ದಿಲ್ಲದೆ ತುಟಿಯಾಡಿಸುತ್ತಿದ್ದಳು. ಹಾಡು ಮುಗಿದ ಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನ ಕಿವಿಯ ಬಳಿ ಬಾಗಿದಳು.

"ಅಕ್ಕ, ಎರಡನೇ ನುಡೀಲಿ ಶ್ರುತಿ ಬಿಟ್ಟಿದೀನಿ ಕಣೇ. ಸುಧೀಗೆ ಹೇಳು, ಸರಿಮಾಡ್ಲಿ."

"ಅದನ್ನ ಮುಟ್ಟಿದ್ರೆ ಕೈ ಮುರೀತೀನಿ ಅಂತ ಆಗ್ಲೇ ಹೇಳಿದೀನಿ," ಎಂದೆ.