ಖಾಲಿ ದೋಣಿಯ ಅಳತೆ

ಆಗ ನನಗೆ ಅರವತ್ತೊಂದು. ಆರು ವರ್ಷದ ಹಿಂದಿನ ಮಾತು. ಹೊಳೆ ದಡದಲ್ಲಿ ಒಬ್ಬ ಮನುಷ್ಯ ತನ್ನೆರಡು ಕಾಲನ್ನು ಟವೆಲಿನಿಂದ ಬಿಗಿದುಕೊಂಡು, ಕುಂಡೆ ಎಳೆಯುತ್ತ ದೋಣಿ ಹತ್ತುತ್ತಿದ್ದ. ಹುಚ್ಚನಿರಬೇಕು ಎಂದುಕೊಂಡೆ. ನೋಡಿದರೆ ದೋಣಿ ಕಟ್ಟುವ ರಸೂಲ್ ಸಾಬರು. ನನ್ನಂಥವರು ಹೇಗೆ ಹತ್ತಬಹುದು ಎಂದು ನೋಡುತ್ತಿದ್ದರಂತೆ.

ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ನನ್ನ ಕಾಲು ಹೋದವು. ಹೂ ಮಾರಲು ದಿನವೂ ಸಾಸ್ವೆಹಳ್ಳಿ ದಡಕ್ಕೆ ದಾಟಬೇಕು. ಜನರೆಲ್ಲ ಹತ್ತಿದ ಮೇಲೆ ನನ್ನನ್ನು ಮೂಟೆಯ ಹಾಗೆ ಎತ್ತಿ ಇಡುತ್ತಿದ್ದರು, ಹಿಂದೆಯೇ ನನ್ನ ಮೂರು ಗಾಲಿ ಸೈಕಲ್ಲು. ಎತ್ತುವವರ ಕೈ ಎಲ್ಲೆಲ್ಲೋ ಆಡುತ್ತಿತ್ತು. ಬೈದರೆ ನಗುತ್ತಿದ್ದರು.

ಸಾಬರು ಅಯ್ಯೋ ಪಾಪ ಎನ್ನಲಿಲ್ಲ. ಗಾಲಿಯಿಂದ ಗಾಲಿಗೆ ಗೇಣು ಹಾಕಿದರು. ನನ್ನ ತೋಳಿನ ಬಲ ನೋಡಲು ಹಗ್ಗ ಎಳೆಸಿದರು. ತಿಂಗಳಾದ ಮೇಲೆ, ದಡದಿಂದ ದೋಣಿಗೆ ಸೈಕಲ್ ಉರುಳಿಸಲು, ಅಡ್ಡಪಟ್ಟಿ ಬಡಿದ ಅಗಲ ಹಲಗೆ ತಂದರು. ಮೊದಲ ದಿನ, ರೂಢಿಯಂತೆ, ಎಲ್ಲರೂ ಹತ್ತಿದ ಮೇಲೆ ನಾನು ಹೊರಟೆ. ಹಲಗೆ ಕಡಿದಾಗಿ ಇಳಿದಿತ್ತು. ಸೈಕಲ್ ಸಮೇತ ಒಳಗೆ ಬಿದ್ದೆ, ಮುಂಗೈ ಮುರಿಯಿತು.

ಸಂಜೆ ಸಾಬರು ಬಂದು ನನ್ನ ಬಾಗಿಲಲ್ಲಿ ಕೂತರು.

"ಖಾಲಿ ದೋಣಿಗೆ ಅಳತೆ ಹಿಡಿದೆ ಗಂಗಕ್ಕ. ಜನ ತುಂಬಿದ್ರೆ ಅದು ಗೇಣು ತಗ್ಗತೈತೆ. ದೋಣಿ ಕಟ್ಟೋನಿಗೆ ತಿಳೀಬೇಕಿತ್ತು."

"ಕೈ ಮುರಿದ ಮ್ಯಾಲೆ ಹೇಳಾಕೆ ಬಂದ್ರಾ ಸಾಬ್ರೆ?"

"ಬೈರಿ. ಬೈದಾದ ಮ್ಯಾಲೆ ಆ ಕೈ ತೋರಿಸ್ರಿ. ಹೊಸ ಹಲಗೆಗೆ ಹಿಡಿ ಎಲ್ಲಿಡಬೇಕು ನೋಡ್ತೀನಿ."

ನನ್ನನ್ನು ಮೊದಲು ಹತ್ತಿಸು ಎಂದು ಅಂಬಿಗನಿಗೂ ಹೇಳಿದರು. ಸೈಕಲ್ಲು ದಾರಿಗೆ ಅಡ್ಡವಾಗುತ್ತದೆ ಎಂದು ಅವನು ಒಪ್ಪಲಿಲ್ಲ. ಹಳೇ ಹಲಗೆಯನ್ನು ಮಾತ್ರ ಬೈಕ್ ಹತ್ತಿಸಲು ಇಟ್ಟುಕೊಂಡ. ಸಾಬರು ಇನ್ನೂ ಉದ್ದದ ಹಲಗೆಗೆ ಮರ ಕೊಯ್ಯತೊಡಗಿದರು. ನನ್ನ ಕೈ ಕೂಡುವಷ್ಟರಲ್ಲಿ ಅವರಿಗೆ ಲಕ್ವ ಹೊಡೆಯಿತು.

ಆಸ್ಪತ್ರೆಯಿಂದ ಕರೆತಂದ ದಿನ ನಾನು ದಡದಲ್ಲಿದ್ದೆ. ಇಬ್ಬರು ಕಂಕುಳಿಗೆ ಕೈಹಾಕಿ ಅವರನ್ನು ದೋಣಿಯಿಂದ ಎತ್ತಿ ಇಳಿಸಿದರು. ಲುಂಗಿ ಜಾರಿತ್ತು. ಯಾರೂ ಸರಿಮಾಡಲಿಲ್ಲ. ನಾನೇ ಎಳೆದು ಮುಚ್ಚಿದೆ. ಸೊಟ್ಟಗಾದ ಬಾಯಲ್ಲಿ ತಡೆತಡೆದು ಅಂದರು:

"ಕಾಲು ಕಟ್ಟಿಕೊಂಡ್ರೆ ಏನೂ ತಿಳಿಯಲ್ಲ ಗಂಗಕ್ಕ. ಬಿಚ್ಚಬೋದು ಅಂತ ಗೊತ್ತಿರತೈತಲ್ಲ."

ನಾಲ್ಕನೇ ದಿನ ತೀರಿಕೊಂಡರು. ಅರ್ಧ ಕೊಯ್ದ ಹಲಗೆ ಅವರ ಹಿತ್ತಲಲ್ಲಿತ್ತು. ಅದನ್ನು ಮುಗಿಸುವವರು ಇರಲಿಲ್ಲ.

ಮರುದಿನ ಬೆಳಿಗ್ಗೆ ಹೂ ಕಟ್ಟಿಕೊಂಡು ಹೊಳೆಗೆ ಹೋದೆ. ಎಲ್ಲರೂ ಹತ್ತಿದ ಮೇಲೆ ಅಂಬಿಗ ನನ್ನನ್ನು ಎತ್ತಲು ಬಂದ. ಎರಡೂ ತೋಳು ಎತ್ತಿ ಕೊಟ್ಟೆ.