ಬಲಗೈ ಉಗುರು, ಎಡಗೈ ಜಡ್ಡು

ನನ್ನ ಬಲಗೈ ಉಗುರು ಕತ್ತರಿಸಿದ್ದು ಹಡೆದವ್ವ. ಕೈ ಹಿಡಿದುಕೊಂಡವಳು ಅತ್ತಿಗೆ. ಇಬ್ಬರಿಗೂ ನನ್ನ ಮೇಲೆ ಭಾರೀ ಜೀವ ಅಂತ ಕೊಪ್ಪಳದ ನಮ್ಮ ಓಣಿಯವರು ಈಗಲೂ ಹೇಳುತ್ತಾರೆ. ಹೇಳಲಿ ಬಿಡಿ.

ಮೊಬೈಲ್ ನೋಡಿ ನೋಡಿ ಗಿಟಾರ್ ಕಲಿತವಳು ನಾನು. ಹುಬ್ಬಳ್ಳಿಯಲ್ಲಿ ಪರೀಕ್ಷೆ ಇತ್ತು. ಪಾಸಾದರೆ ಗಂಗಾವತಿಯ ಒಂದು ಶಾಲೆಯಲ್ಲಿ ಸಂಗೀತ ಟೀಚರ್ ಕೆಲಸ. ಕೆಲಸ ಸಿಕ್ಕರೆ ಮದುವೆ ಮಾತು ಸದ್ಯಕ್ಕೆ ಬೇಡ ಎಂದು ಅಪ್ಪ ಒಪ್ಪಿದ್ದ. ನುಡಿಸಬೇಕಿದ್ದದ್ದು ಯುರೋಪಿನವರು ಯಾರೋ ನೂರಾರು ವರ್ಷದ ಹಿಂದೆ, ಕಲಿಯುವವರ ಬೆರಳು ಪಳಗಲಿ ಎಂದು ಕಟ್ಟಿದ ಪಾಠ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ನಡೆಯುತ್ತಿದ್ದರೆ ಉಳಿದ ಬೆರಳುಗಳು ಸಣ್ಣ ತಂತಿಯನ್ನು ಎಡೆಬಿಡದೆ ಮೀಟಬೇಕು. ಬಲಗೈಗೆ ಉಗುರಿದ್ದರೆ ಸ್ವರ ಮುರಿಯದೆ ಹರಿಯುತ್ತದೆ. ಇಲ್ಲದಿದ್ದರೆ ಬರೀ ದಬ್ ದಬ್. ಇದನ್ನೆಲ್ಲ ಅವ್ವನಿಗೆ ಬಿಡಿಸಿ ಹೇಳಿದ್ದೆ, ನನ್ನ ಕರ್ಮ.

ಎಲ್ಲಿ ಪಾಸಾಗಿಬಿಡುತ್ತೇನೋ ಎಂದು ಅವಳಿಗೆ ಹೆದರಿಕೆ. ಪರೀಕ್ಷೆಯ ಹಿಂದಿನ ದಿನವೇ ಕುಷ್ಟಗಿಯವರನ್ನು ಹೆಣ್ಣು ನೋಡಲು ಕರೆಸಿದಳು. ನಮ್ಮ ಕಡೆ ಇನ್ನೂ ಕೆಲವರು ಅಡುಗೆಮನೆಗೇ ಬಂದು ಕೂತು, ಹುಡುಗಿ ಜೋಳದ ರೊಟ್ಟಿ ಬಡಿಯುವುದನ್ನು ನೋಡುತ್ತಾರೆ. ಉಗುರು ತಾಗಿದರೆ ರೊಟ್ಟಿ ಹರಿಯುತ್ತದೆ. ಅವ್ವ ನೇಲ್ ಕಟರ್ ತಂದಳು. ನಾಳೆ ಸಂಜೆ ಬೇಕಾದರೆ ಬೆರಳನ್ನೇ ಕತ್ತರಿಸು, ಇವತ್ತು ಬೇಡ ಎಂದು ಕೈಮುಗಿದೆ. ಮುಗಿದ ಕೈಯನ್ನೇ ಅತ್ತಿಗೆ ಎಳೆದು ನೆಲಕ್ಕೆ ಒತ್ತಿ ಹಿಡಿದಳು.

"ಸುಮ್ನ ಕುಂದ್ರು. ಉಗುರೇನು, ಮತ್ತ ಬೆಳಿತಾವ," ಅಂದಳು ಅವ್ವ.

ರೊಟ್ಟಿ ಚೆನ್ನಾಗಿಯೇ ಬಂದವು. ಹುಡುಗನ ತಾಯಿ ಒಲೆಯ ಪಕ್ಕ ಕೂತು ತಲೆದೂಗಿದಳು. ಊಟವಾದ ಮೇಲೆ ಹತ್ತಿರ ಕರೆದು ನನ್ನ ಎಡಗೈ ಹಿಡಿದವಳು ಬೆರಳ ತುದಿ ಸವರಿ ನೋಡಿದಳು. ತಂತಿ ಒತ್ತಿ ಒತ್ತಿ ಅಲ್ಲಿ ಜಡ್ಡುಗಟ್ಟಿತ್ತು. ಕೂಲಿಗೆ ಹೋಗುತ್ತಾಳೇನು ಎಂದು ಕೇಳಿದಳು. ಅವ್ವ ಗಾಬರಿಯಾಗಿ ಗಿಟಾರಿನ ವಿಷಯ ಬಾಯಿಬಿಟ್ಟಳು.

"ಬಾಜಾ ಬಾರಿಸೋ ಸೊಸಿ ನಮಗ ಬ್ಯಾಡ್ರಿ," ಎಂದು ಆಕೆ ಎದ್ದಳು. ನಾನು ಬಡಿದ ರೊಟ್ಟಿ ಹೊಟ್ಟೆತುಂಬ ತಿಂದೇ ಎದ್ದಳು.

ಅವರ ಗಾಡಿ ಓಣಿ ದಾಟುವ ಮೊದಲೇ ಅವ್ವ ನನ್ನ ಕಡೆ ತಿರುಗಿದಳು. "ಈಗ ಹೋಗಿ ಬಾ ನಿನ್ನ ಪರೀಕ್ಷಾಕ್ಕ. ಯಾರು ಬ್ಯಾಡ ಅಂದಾರ?"

ಹೋದೆ. ಬೆರಳು ತಂತಿಯ ಮೇಲೆ ಜಾರಿ ಜಾರಿ ಬಿತ್ತು. ಪರೀಕ್ಷಕರು ಅರ್ಧಕ್ಕೇ ಕೈ ಎತ್ತಿ ಸಾಕು ಅಂದರು. ಮುಂದೊಮ್ಮೆ ಪಾಸಾದೆ, ನಿಜ. ಅಷ್ಟರಲ್ಲಿ ಗಂಗಾವತಿಯ ಕೆಲಸಕ್ಕೆ ಬೇರೆಯವರು ಬಂದಾಗಿತ್ತು. ಮದುವೆಯನ್ನು ನಾನೇ ಒಲ್ಲೆ ಅಂದೆ. ಮನೆಯಲ್ಲೇ ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತೇನೆ.

ಅತ್ತಿಗೆ ಬೇರೆ ಮನೆ ಮಾಡಿದಳು. ಈಗ ಅವ್ವನ ಬೆರಳು ಸಂಧಿವಾತಕ್ಕೆ ಸೊಟ್ಟಗಾಗಿವೆ, ಹಲ್ಲೂ ಉದುರಿವೆ. ನಾನು ಅಂಗಡಿಯಿಂದ ಖಡಕ್ ರೊಟ್ಟಿ ತಂದು ಅವಳ ಮುಂದಿಡುತ್ತೇನೆ.

ಮೊನ್ನೆ ಮಧ್ಯಾಹ್ನ ಕೇಳಿಯೇಬಿಟ್ಟಳು. "ಒಂದ ಬಿಸಿ ರೊಟ್ಟಿ ಬಡಿದು ಕೊಡವಾ."

ಬಲಗೈ ಚಾಚಿ ತೋರಿಸಿದೆ. "ಉಗುರು ಬೆಳದಾವಲ್ಲಬೇ," ಅಂದೆ.

ಅವಳು ಖಡಕ್ ರೊಟ್ಟಿ ಮುರಿದು ನೀರಿಗೆ ಹಾಕಿದಳು. ಅದು ನೆನೆಯುವವರೆಗೆ ನಾನು ಪಕ್ಕದಲ್ಲೇ ಕೂತು ಪರೀಕ್ಷೆಯ ಆ ಪಾಠವನ್ನು ನುಡಿಸಿದೆ. ಸ್ವರ ಎಲ್ಲೂ ಮುರಿಯಲಿಲ್ಲ.